ಪರ್ಸೋಂ ಹಾಕಿದ ಬೇರಿಂಗ್

ನಾಂಪಲ್ಲಿ

ನೇಪಾಳಕ್ಕೆ ಹೋಗಿ ಬಂದೆ ಎಂದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ, "ಪಶುಪತಿನಾಥನ ದರ್ಶನ ಆತೇನ್ರಿ?" ಇಲ್ಲ. ಕಠ್ಮಂಡುವಿನ ದಿಕ್ಕಿಗೇ ನಾವು ಹೋಗಲಿಲ್ಲ. ಹಿಮಾಲಯ ನೋಡಿದಿರಾ ಎಂದರೆ, ನಾನು ಸರಿಯಾಗಿ ನೋಡಲಿಲ್ಲ. ನನ್ನ ಬೆನ್ನ ಹಿಂದೆ ಕೂತವರು ನೋಡಿ ನನಗೆ ವರ್ಣಿಸಿದರು. ಆ ದೇಶದಲ್ಲಿ ನಾನು ಕಣ್ಣು ತುಂಬ ನೋಡಿದ್ದು ಒಂದು ಹಿಟ್ಟಿನ ಗಿರಣಿಯನ್ನು. ಅದೊಂದನ್ನು ನೋಡಿದ್ದಕ್ಕೇ ನನ್ನ ಜನ್ಮ ಸಾರ್ಥಕವಾಯಿತು ಎನ್ನುವಷ್ಟು ಸಂತೋಷ ನನಗಿದೆ.

ನಾನು ಸುಮಂಗಲಾ. ಹುಟ್ಟಿದ್ದು ಬೆಳೆದಿದ್ದು ಹೈದರಾಬಾದಿನಲ್ಲಿ, ಮನೆತನ ಕಲಬುರ್ಗಿಯದು. ನಾಂಪಲ್ಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ, ಮನೆ ನಾಚಾರಂನಲ್ಲಿ. ಐವತ್ತು ದಾಟಿದ ನಾನು ದಿನಾ ಆಫೀಸಿಗೆ ಹೋಗುವುದು ಒಂದು ದೊಡ್ಡ ಕರಿ ಮೋಟರ್‌ಸೈಕಲ್ ಮೇಲೆ. ಅದರ ಹೆಸರು ಎಮ್ಮಿ. ಮೈಬಣ್ಣಕ್ಕೆ ಒಪ್ಪುತ್ತದೆ, ಸ್ವಭಾವಕ್ಕೂ ಒಪ್ಪುತ್ತದೆ. ಮನಸ್ಸು ಬಂದರೆ ಮೈಲುಗಟ್ಟಲೆ ನಡೆಯುತ್ತದೆ, ಬರದಿದ್ದರೆ ನಡುರಸ್ತೆಯಲ್ಲೇ ಮಲಗುತ್ತದೆ.

ಹಾಗೆ ಮಲಗಿದ್ದು ಮೂರು ಸಲ. ನಾಚಾರಂನಲ್ಲಿ ನಮ್ಮಂಥ ಹನ್ನೆರಡು ಜನರ ಒಂದು ಸವಾರರ ಬಳಗವಿದೆ. ದೂರ ದೂರ ಹೋಗುವುದು, ಗಂಟೆ ಎಣಿಸಿಕೊಂಡು ಮುಟ್ಟುವುದು, ಅದೇ ನಮ್ಮ ಹುಚ್ಚು. ಆ ಬಳಗದ ಜೊತೆ ಹೊರಟ ಮೂರು ಸವಾರಿಗಳಿಂದಲೂ ಎಮ್ಮಿ ಮನೆಗೆ ಬಂದದ್ದು ಲಾರಿಯಲ್ಲಿ. ಒಮ್ಮೆ ಈರುಳ್ಳಿ ಮೂಟೆಗಳ ನಡುವೆ ಬಂತು, ಒಂದು ತಿಂಗಳು ಸೀಟಿನ ವಾಸನೆ ಹೋಗಲಿಲ್ಲ. ಅಂದಿನಿಂದ ಬಳಗದಲ್ಲಿ ನನ್ನ ಹೆಸರು ಲಾರಿ ಮೇಡಂ.

ಬಳಗದ ಹಿರಿಯರು ಸತ್ಯಂ ಗಾರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅವರ ಹತ್ತಿರ ಒಂದು ಬಿಳಿ ಬಟ್ಟೆ ಇದೆ. ನಾಚಾರಂನಿಂದ ನೇಪಾಳದ ಪೋಖರಾದ ಕೆರೆ ದಂಡೆಯನ್ನು ಅರವತ್ತು ಗಂಟೆಯೊಳಗೆ ತಮ್ಮ ಚಕ್ರದ ಮೇಲೆಯೇ ಮುಟ್ಟಿದವರು ಅದರ ಮೇಲೆ ಸಹಿ ಹಾಕುತ್ತಾರೆ. ಒಂದು ಭಾನುವಾರ ಇರಾನಿ ಹೋಟೆಲಿನಲ್ಲಿ ಆ ಬಟ್ಟೆ ಬಿಚ್ಚಿದಾಗ ಯಾರೋ, "ಲಾರಿ ಮೇಡಂ ಸಹಿ ಹಾಕಬೇಕಾದ್ರ ಬಟ್ಟಿಗೆ ಲಾರಿ ಚಿತ್ರ ಬರೀಬೇಕು" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಚಹಾದ ಕಪ್ಪು ಟೇಬಲ್ಲಿಗೆ ಕುಕ್ಕಿ ಹೇಳಿಬಿಟ್ಟೆ: "ಈ ಸಲ ಅರವತ್ತು ತಾಸಿನಾಗ ಎಮ್ಮಿ ತನ್ನ ಕಾಲ ಮ್ಯಾಲೆ ತಾನು ಪೋಖರಾ ಮುಟ್ಟಲಿಲ್ಲಂದ್ರ ಅದನ್ನ ಮಾರತೀನಿ. ಸ್ಕೂಟಿ ತಗೊಂಡು ಸುಮ್ಮನಾಗತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಲ್ಲೇ ಕೂತಿದ್ದ ಇಬ್ಬರು ಎಮ್ಮಿಯನ್ನು ಕೊಳ್ಳಲು ತಯಾರಾದರು. ಮಕ್ಕಳಿಲ್ಲದ ಮನೆಯಲ್ಲಿ ಹದಿನಾರು ವರ್ಷದಿಂದ ಇರುವ ಗಾಡಿ ಅದು.

ನನ್ನ ಹಿಂದಿನ ಸೀಟಿನ ಸವಾರರು ನಮ್ಮನೆಯವರು, ಪ್ರಹ್ಲಾದರಾಯರು. ಧಾರವಾಡದವರು. ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಷನ್ ವಿಭಾಗ. ಹಗಲೆಲ್ಲ ಅಳೆಯುವುದೇ ಕೆಲಸ, ಮನೆಗೆ ಬಂದ ಮೇಲೂ ಆ ಚಟ ಬಿಡುವುದಿಲ್ಲ. ಚಪಾತಿ ಒಂದು ಕಡೆ ದಪ್ಪ ಇದ್ದರೆ ಗೊತ್ತಾಗುತ್ತದೆ, ಬಾಯಿ ಬಿಟ್ಟು ಹೇಳುವುದಿಲ್ಲ, ಆದರೆ ಗೊತ್ತಾಗುತ್ತದೆ. ಅಂಗಿಯ ಜೇಬಿನಲ್ಲಿ ಯಾವಾಗಲೂ ಕೂದಲೆಳೆ ದಪ್ಪವನ್ನೂ ಅಳೆಯುವ ಒಂದು ವರ್ನಿಯರ್, ಒಂದು ಪುಟ್ಟ ನೋಟ್‌ಬುಕ್. ಇಪ್ಪತ್ತೈದು ವರ್ಷದಿಂದ ಹೈದರಾಬಾದಿನಲ್ಲಿದ್ದರೂ ಮನೆಯಲ್ಲಿ ಕನ್ನಡ, ಕಾರ್ಖಾನೆಯಲ್ಲಿ ಇಂಗ್ಲಿಷು, ಹಿಂದಿ ಶಾಲೆಯ ಪುಸ್ತಕದಲ್ಲಿ ಕಲಿತಷ್ಟು. ಈ ಊರಿನ ದಖ್ಖನಿ ಉರ್ದು ಅವರ ಕಿವಿಗೆ ಬೀಳುತ್ತದೆ, ತಲೆಗೆ ಹತ್ತುವುದಿಲ್ಲ.

ಹೊರಡುವ ಮುಂಚೆ ಎಮ್ಮಿಯನ್ನು ಗೌಸ್ ಭಾಯಿ ಹತ್ತಿರ ಬಿಟ್ಟೆವು. ನಾಂಪಲ್ಲಿ ಸ್ಟೇಷನ್ನಿನ ಹಿಂದೆ ಅವರ ರಿಪೇರಿ ಶೆಡ್ಡು. ಎಮ್ಮಿಯ ಹೊಟ್ಟೆಯೊಳಗೆ ಏನಿದೆ ಎಂದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಗಾಡಿ ತರಲು ಹೋದ ಸಂಜೆ ನಾನು ದಾರಿಗೆ ಬೇಕಾದ ಹಗ್ಗ, ಪಂಕ್ಚರ್ ಸಾಮಾನು ಕೊಳ್ಳಲು ಪಕ್ಕದ ಅಂಗಡಿಗೆ ಹೋಗಿದ್ದೆ. ಆ ಹತ್ತು ನಿಮಿಷದಲ್ಲಿ ನಮ್ಮವರು ಗೌಸ್ ಭಾಯಿಯನ್ನು ನಿಲ್ಲಿಸಿಕೊಂಡು ಪ್ರತಿಯೊಂದು ಭಾಗ ಯಾವಾಗ ಹಾಕಿದ್ದು ಎಂದು ಕೇಳಿ ಕೇಳಿ ನೋಟ್‌ಬುಕ್ಕಿಗೆ ಇಳಿಸಿಕೊಂಡರು. ನಾನು ಬಂದಾಗ ಭಾರೀ ಖುಷಿಯಲ್ಲಿದ್ದರು.

"ಎಲ್ಲಾದಕ್ಕೂ ತಾರೀಖು ಐತಿ ಈಗ," ಎಂದು ಪುಟ ತೋರಿಸಿದರು. "ನಿನ್ನ ಎಮ್ಮಿ ಹಿಂಗ ಯಾವತ್ತೂ ದಾಖಲ ಆಗಿರಲಿಲ್ಲ."

ನಾಚಾರಂನಿಂದ ಗೋರಖಪುರ

ಬೆಳಗಿನ ಆರಕ್ಕೆ ಸರಿಯಾಗಿ ಸತ್ಯಂ ಗಾರು ಫೋನಿನಲ್ಲಿ, "ಸ್ಟಾರ್ಟ್ ಮೇಡಂ!" ಎಂದರು. ಅವರು ಆಗಲೇ ರೈಲು, ಬಸ್ಸು ಹಿಡಿದು ಪೋಖರಾ ಸೇರಿ ಕೆರೆ ದಂಡೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಳಗದ ಬೇರೆಯವರು ಆ ಸವಾರಿಯನ್ನು ಬೇರೆ ಬೇರೆ ವರ್ಷ ಮುಗಿಸಿದ್ದರು. ಈ ಸಲ ಹೊರಟವರು ನಾವಿಬ್ಬರೇ, ಎಮ್ಮಿಯನ್ನು ಸೇರಿಸಿದರೆ ಮೂವರು.

ಆ ಮೊದಲ ದಿನದ ಉತ್ಸಾಹವನ್ನು ಹೇಗೆ ಹೇಳಲಿ! ಊರು ದಾಟಿ ರಸ್ತೆ ಬಿಚ್ಚಿಕೊಂಡ ಕೂಡಲೇ ಹೆಲ್ಮೆಟ್ಟಿನೊಳಗೆ ನಾನು ಜೋರಾಗಿ ಹಾಡುತ್ತಿದ್ದೆ. ನಾನು ಹಾಡುವುದು ನನಗೆ ಮಾತ್ರ ಕೇಳುತ್ತದೆ ಎಂಬುದು ಮೋಟರ್‌ಸೈಕಲ್ಲಿನ ದೊಡ್ಡ ಉಪಕಾರ. ನಿರ್ಮಲ್ ದಾಟಿದೆವು, ಆದಿಲಾಬಾದ್ ದಾಟಿದೆವು, ಮಧ್ಯಾಹ್ನಕ್ಕೆ ನಾಗಪುರ. ಜಬಲ್ಪುರ ಮುಟ್ಟಿದಾಗ ಕಾಲು ನೆಲಕ್ಕೆ ಊರಲು ಬರುತ್ತಿರಲಿಲ್ಲ. ನಮ್ಮವರು ಇಳಿದು ನಿಂತು, "ನನ್ನ ಕೆಳಗಿನ ಅರ್ಧ ಭಾಗ ಇನ್ನೂ ಸಿವನಿ ಹತ್ತರ ಐತಿ" ಎಂದರು.

ಸದ್ದು ಶುರುವಾದದ್ದು ಎರಡನೇ ದಿನ, ರೇವಾ ದಾಟಿದ ಮೇಲೆ. ಹಿಂಬದಿಯಿಂದ ಸಣ್ಣಗೆ 'ಗುಂ' ಎಂಬ ನಾದ, ಯಾರೋ ಬಾಯಿ ಮುಚ್ಚಿಕೊಂಡು ಗೊಣಗಿದಂತೆ. ವೇಗ ಹೆಚ್ಚಿಸಿದರೆ ನಾದವೂ ಏರುತ್ತಿತ್ತು. ಗಾಡಿ ನಿಲ್ಲಿಸಿದೆ.

"ಹಿಂದಿನ ಗಾಲಿ ಬೇರಿಂಗ್ ಇರಬೇಕ್ರಿ," ಎಂದೆ.

ನಮ್ಮವರು ನೋಟ್‌ಬುಕ್ ತೆಗೆದರು. ಪುಟ ತಿರುವಿ ಬೆರಳಿಟ್ಟು ತೋರಿಸಿದರು. "ಶಕ್ಯನೇ ಇಲ್ಲ. ಹಿಂದಿನ ಗಾಲಿ ಬೇರಿಂಗ್, ಹೊಸಾದು. ಗಾಡಿ ತರಾಕ ಹೋದ್ವಲ್ಲ, ಅದಕ್ಕೂ ಎರಡು ದಿನ ಮುಂಚೆ ಹಾಕ್ಯಾರ. ತಾರೀಖು ಐತಿ ನೋಡು."

ತಾರೀಖು ಇತ್ತು. ಅವರ ಗುಂಡು ಗುಂಡಾದ ಅಕ್ಷರದಲ್ಲಿ, ಕೆಳಗೆ ಗೆರೆ ಎಳೆದು ಇತ್ತು. ಬರೆದಿಟ್ಟ ತಾರೀಖಿನ ಮುಂದೆ ನನ್ನ ಕಿವಿಯ ಮಾತು ನಡೆಯಲಿಲ್ಲ. ಚೈನು ಬಿಗಿ ಮಾಡಿದೆವು. ಸದ್ದು ಹೋಗಲಿಲ್ಲ. ಬ್ರೇಕು ಉಜ್ಜುತ್ತಿದೆಯೇ ನೋಡಿದೆವು. ಮಡ್‌ಗಾರ್ಡ್ ಬಡಿಯುತ್ತಿದೆಯೇ ಎಂದು ರಬ್ಬರ್ ಕಟ್ಟಿದೆವು. ಬ್ಯಾಗಿನೊಳಗೆ ಚಟ್ನಿಪುಡಿ ಡಬ್ಬಿ ಅದುರುತ್ತಿರಬಹುದೆಂದು ಅದನ್ನು ಟವೆಲ್ಲಿನಲ್ಲಿ ಸುತ್ತಿ ನಮ್ಮವರು ತೊಡೆಯ ಮೇಲೆ ಇಟ್ಟುಕೊಂಡು ನಲವತ್ತು ಮೈಲು ಕೂತರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನಮ್ಮ ಸ್ಥಿತಿ. ಗೋರಖಪುರ ಸೇರಿದಾಗ ಎಮ್ಮಿ ಗೊಣಗುವುದನ್ನು ಬಿಟ್ಟು ನರಳಲು ಶುರುಮಾಡಿತ್ತು.

ಗಡಿ

ದೇಶದ ಗಡಿ ಎಂದರೆ ನಾನು ಏನೇನೋ ಕಲ್ಪಿಸಿಕೊಂಡಿದ್ದೆ. ಸೋನೌಲಿಯಲ್ಲಿ ಅದೊಂದು ಕಮಾನು. ಈಚೆ ಅಂಗಡಿ, ಆಚೆ ಅಂಗಡಿ, ನಡುವೆ ಸೈಕಲ್ ರಿಕ್ಷಾ. ನಾಂಪಲ್ಲಿಯ ಎಕ್ಸಿಬಿಷನ್ ಗೇಟಿನಲ್ಲಿ ಜನವರಿಯಲ್ಲಿ ಇರುವ ನೂಕುನುಗ್ಗಲು ಇದಕ್ಕಿಂತ ಹೆಚ್ಚು. ಗಾಡಿಯ ಕಾಗದ ಮಾಡಿಕೊಡುವ ಅಧಿಕಾರಿ ನನ್ನ ಮುಖ ನೋಡಿದರು, ಹಿಂದಿನ ಸೀಟಿನಿಂದ ಇಳಿಯುತ್ತಿದ್ದ ನಮ್ಮವರನ್ನು ನೋಡಿದರು. "ಡ್ರೈವರ್ ಯಾರು?" ಎಂದು ಹಿಂದಿಯಲ್ಲಿ ಅವರನ್ನೇ ಕೇಳಿದರು. ನಮ್ಮವರು ನನ್ನ ಕಡೆ ಬೆರಳು ಮಾಡಿ, "ಮೈ ಲಗೇಜ್ ಹೂಂ" ಎಂದರು. ಅಧಿಕಾರಿ ನಕ್ಕ ನಗುವಿಗೆ ಪಕ್ಕದ ಕೋಣೆಯವರೂ ಎದ್ದು ಬಂದರು.

ಕಮಾನು ದಾಟಿದರೆ ಗಡಿಯಾರ ಹದಿನೈದು ನಿಮಿಷ ಮುಂದೆ. ಅರ್ಧ ಗಂಟೆಯೂ ಅಲ್ಲ, ಒಂದು ಗಂಟೆಯೂ ಅಲ್ಲ, ಕಾಲು ಗಂಟೆ! ನೇಪಾಳ ತನ್ನ ಸಮಯವನ್ನು ಅಷ್ಟು ಜತನದಿಂದ ಬೇರೆ ಇಟ್ಟುಕೊಂಡಿದೆ. ನಾನು ನನ್ನ ವಾಚನ್ನು ಸಂಭ್ರಮದಿಂದ ತಿರುಗಿಸಿಕೊಂಡೆ. ನಮ್ಮವರು ಮುಟ್ಟಲಿಲ್ಲ.

"ತಿರುಗಿಸ್ರಿ. ಬ್ಯಾರೆ ದೇಶಕ್ಕ ಬಂದೀವಿ," ಎಂದೆ.

"ನಾಚಾರಂನಾಗ ಶುರು ಆದ ಲೆಕ್ಕಾ ನಾಚಾರಂ ವಾಚಿನಾಗ ಮುಗೀಬೇಕು," ಎಂದರು. "ನಡುವ ಅಳತಿಪಟ್ಟಿ ಬದಲಿ ಮಾಡಬಾರದು."

ನನಗೆ ನಗು ಬಂತು. ಹೊರದೇಶಕ್ಕೆ ಬಂದರೂ ಊರಿನ ಗಡಿಯಾರ ಕಟ್ಟಿಕೊಂಡು ತಿರುಗುವ ಗಂಡ ಎಂದು ಬುಟ್ವಲ್‌ವರೆಗೂ ಛೇಡಿಸಿದೆ.

ಬುಟ್ವಲ್ ದಾಟಿದ ಕೂಡಲೇ ಬೆಟ್ಟ ಎದ್ದು ನಿಲ್ಲುತ್ತದೆ. ರಸ್ತೆ ತಿರುಗಿ ತಿರುಗಿ ಏರುತ್ತದೆ. ಒಂದು ಕಡೆ ಗೋಡೆಯಂಥ ಗುಡ್ಡ, ಇನ್ನೊಂದು ಕಡೆ ಕೆಳಗೆಲ್ಲೋ ಹೊಳೆ. ಡೆಕ್ಕನ್ನಿನ ಬಂಡೆ, ಬಯಲು ನೋಡಿ ಬೆಳೆದ ನನಗೆ ಆ ತಿರುವುಗಳಲ್ಲಿ ಗಾಡಿ ವಾಲಿಸುವುದೆಂದರೆ ಹೊಸದಾಗಿ ಗಾಡಿ ಕಲಿತ ಖುಷಿ. ಸದ್ದನ್ನೇ ಮರೆತೆ.

ವಾಲಿಂಗ್ ದಾಟಿ

ವಾಲಿಂಗ್ ಎಂಬ ಊರು ದಾಟಿದ ಸ್ವಲ್ಪ ಹೊತ್ತಿಗೆ ಒಂದು ತಿರುವಿನಲ್ಲಿ ಎಮ್ಮಿಯ ಹಿಂಭಾಗ ಸೊಂಟ ಅಲ್ಲಾಡಿಸಿತು. ನಿಲ್ಲಿಸಿ ಹಿಂದಿನ ಗಾಲಿ ಹಿಡಿದು ಜಗ್ಗಿದರೆ ಸಡಿಲ ಹಲ್ಲಿನಂತೆ ಅಲ್ಲಾಡುತ್ತದೆ. ಗಾಲಿಯ ನಡುಭಾಗ ಮುಟ್ಟಲು ಆಗದಷ್ಟು ಬಿಸಿ. ಪೋಖರಾ ಇನ್ನು ಅರವತ್ತು ಕಿಲೋಮೀಟರ್ ಇತ್ತು.

ನಾಲ್ಕು ಹೆಜ್ಜೆ ಆಚೆಗೆ ಒಂದು ಮೆಕ್ಯಾನಿಕ್ ಅಂಗಡಿ ಇದ್ದದ್ದು ದೇವರ ದಯೆ. ನನ್ನಷ್ಟೇ ವಯಸ್ಸಿನ, ತಲೆಗೆ ಬಣ್ಣದ ಟೋಪಿ ಇಟ್ಟ ಮನುಷ್ಯ. ಮಾತಿಗಿಂತ ಮೊದಲು ಪಾನಾ ತೆಗೆದ. ಗಾಲಿ ಬಿಚ್ಚಿದಾಗ ಬೇರಿಂಗಿನ ಗುಂಡುಗಳು ಪುಡಿಯಾಗಿ ಕಪ್ಪು ಗ್ರೀಸಿನ ಜೊತೆ ಅವನ ಅಂಗೈಗೆ ಸುರಿದವು. ನಮ್ಮವರು ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದರು.

"ಹೊಸಾ ಬೇರಿಂಗ್ ಹಿಂಗ ಆಗಾಕ ಸಾಧ್ಯನೇ ಇಲ್ಲ," ಎಂದರು. "ಇದು ಐದಾರು ವರ್ಷದ ಹಳೇದು."

"ಗೌಸ್ ಭಾಯಿ ನಿಮಗ ಏನಂದ್ರು? ಅವರ ಬಾಯಾಗಿನ ಮಾತು ಇದ್ದಂಗ ಹೇಳ್ರಿ."

"'ಪರ್ಸೋಂಇಚ್ ಡಾಲಾ ನಾ ಸಾಬ್, ಫಿಕರ್ ನಕ್ಕೋ ಕರೋ' ಅಂದ್ರು. ಮೊನ್ನೇನ ಹಾಕೀನಿ, ಚಿಂತಿ ಮಾಡಬ್ಯಾಡ್ರಿ ಅಂತ. ಪರ್ಸೋಂ ಅಂದ್ರ ಮೊನ್ನೆ. ಎರಡು ದಿನ ಕಳದು ತಾರೀಖು ಬರಕೊಂಡೆ."

ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕುಸಿದು ಕೂತೆ. ಅಳಬೇಕೋ ನಗಬೇಕೋ ತಿಳಿಯಲಿಲ್ಲ, ಎರಡೂ ಒಟ್ಟಿಗೆ ಬಂದವು. ಹೈದರಾಬಾದಿನಲ್ಲಿ ಹುಟ್ಟಿದ ಯಾವ ಮಗುವಿಗಾದರೂ ಗೊತ್ತಿರುವ ಸಂಗತಿ ಇದು. ನಮ್ಮ ಊರಿನಲ್ಲಿ ಪರ್ಸೋಂ ಎಂದರೆ ಮೊನ್ನೆಯಲ್ಲ. ನಿನ್ನೆಯ ಹಿಂದಿನ ಯಾವ ದಿನವಾದರೂ ಪರ್ಸೋಂ. ಹೋದ ವಾರ ಪರ್ಸೋಂ, ಹೋದ ವರ್ಷ ಪರ್ಸೋಂ. ನಮ್ಮ ಪಕ್ಕದ ಮನೆಯ ಅಜ್ಜಿ ತನ್ನ ಮದುವೆಯ ಊಟದ ಬಗ್ಗೆ ಹೇಳುವಾಗಲೂ ಪರ್ಸೋಂ ಎಂದೇ ಶುರುಮಾಡುತ್ತಿದ್ದರು. ಗೌಸ್ ಭಾಯಿ ಸುಳ್ಳು ಹೇಳಿರಲಿಲ್ಲ. ಯಾವುದೋ ಕಾಲದಲ್ಲಿ ಹಾಕಿದ್ದರು, ಹಾಕಿದ್ದು ನಿಜ. ಅದಕ್ಕೆ ತಾರೀಖು ಕೊಟ್ಟವರು ಧಾರವಾಡದವರು.

"ಇಪ್ಪತ್ತೈದು ವರ್ಷ ಆ ಊರಿನ ಅನ್ನ ಉಂಡೀರಿ!" ಎಂದು ಕೂಗಿದೆ. "ಒಂದು ಶಬ್ದಾ ಕಲೀಲಿಲ್ಲ!"

ಅವರು ನೋಟ್‌ಬುಕ್ಕಿನ ಆ ಸಾಲಿಗೆ ಅಡ್ಡ ಗೆರೆ ಎಳೆದು, ಮುಖ ತೊಳೆದು ಬರುತ್ತೇನೆಂದು ಊರೊಳಗೆ ನಡೆದರು.

ನಾನು ಮೆಕ್ಯಾನಿಕ್ಕಿಗೆ ಪುಡಿಯಾದ ಬೇರಿಂಗ್ ತೋರಿಸಿ, ಹೊಸದು ಇದೆಯೇ ಎಂದು ಹಿಂದಿಯಲ್ಲಿ ಕೇಳಿದೆ. ಅವನು ನಗುಮುಖದಿಂದ, "ಬೇರಿಂಗ್ ಪರ್ಸಿ ಆಉಂಛ, ಪೋಖರಾಬಾಟ," ಎಂದ. ಆಹಾ! ಪರ್ಸಿ. ನಮ್ಮ ಪರ್ಸೋಂನ ತಂಗಿಯೇ ಇರಬೇಕು. ಪೋಖರಾದಿಂದ ಈಚೆಗೆ ಬಂದಿದೆ ಎನ್ನುತ್ತಿದ್ದಾನೆ, ಅಂದರೆ ಒಳಗೆಲ್ಲೋ ಇದೆ. ನನ್ನ ಜೀವ ತಣ್ಣಗಾಯಿತು. "ಬಸ್ನುಸ್, ಚಿಯಾ ಖಾನುಸ್," ಎಂದು ಸ್ಟೂಲು ಒರೆಸಿ ಕೊಟ್ಟ. ಕೂತು ಚಹಾ ತಿನ್ನಿ ಎಂದರ್ಥ; ಅಲ್ಲಿಯವರ ಮಾತಿನಲ್ಲಿ ಚಹಾ ಕುಡಿಯುವುದಿಲ್ಲ, ತಿನ್ನುತ್ತಾರೆ. ನಮ್ಮ ಕಡೆ ಬೀಡಿ ಸೇದದೆ ಕುಡಿಯುವವರಿದ್ದಾರೆ, ಹಾಗೆಯೇ ಇದು. ನಾನು ಕೂತು ಒಂದು ಗ್ಲಾಸು ಚಹಾ ತಿಂದೆ. ಎರಡನೆಯದೂ ತಿಂದೆ. ಅವನು ಬೇರೆ ಗಾಡಿಯ ಕೆಲಸ ಹಿಡಿದ. ಇವರು ನಿಧಾನಸ್ಥರು, ನಮ್ಮ ಗೌಸ್ ಭಾಯಿಯ ಹಾಗೆ ಅವಸರವಿಲ್ಲ ಎಂದು ಮೆಚ್ಚಿಕೊಂಡೆ. ಅವನ ಹೆಂಡತಿ ಒಳಗೆ ಹಾಸಿಗೆ ಝಾಡಿಸುತ್ತಿದ್ದಳು, ಅಕ್ಕಿ ಆರಿಸುತ್ತಿದ್ದಳು. ಒಳ್ಳೆಯ ಸಂಸಾರ ಎಂದುಕೊಂಡೆ.

ಒಂದೂವರೆ ತಾಸಿನ ಮೇಲೆ ನಮ್ಮವರು ಬಂದರು. ಅಂಗಿಯ ತೋಳಿಗೆಲ್ಲ ಹಿಟ್ಟು. "ಯಾಕ ಕೂತೀ? ಬೇರಿಂಗ್ ಎಲ್ಲಿ?" ಎಂದರು.

"ಐತ್ರಿ. ಪರ್ಸಿ ಬಂದೈತಂತ."

ಅವರು ಮೆಕ್ಯಾನಿಕ್ಕಿನ ಕಡೆ ತಿರುಗಿ ಬಿಡಿಸಿ ಬಿಡಿಸಿ ಹಿಂದಿಯಲ್ಲಿ ಕೇಳಿದರು. ಅವನು ಬೆರಳು ಮಡಿಸಿ ತೋರಿಸಿದ: ಇವತ್ತು, ನಾಳೆ, ಪರ್ಸಿ. ನಾಡಿದ್ದು! ಪರ್ಸಿ ಎಂದರೆ ನೇಪಾಳಿಯಲ್ಲಿ ನಾಡಿದ್ದು, ಹಿಂದಕ್ಕೆ ಒಂದು ದಿನವೂ ಹೋಗುವ ಶಬ್ದವೇ ಅಲ್ಲ. ಬೇರಿಂಗ್ ನಾಡಿದ್ದು ಪೋಖರಾದಿಂದ ಬರಬೇಕಿತ್ತು. ಒಳಗೆ ಝಾಡಿಸಿದ ಹಾಸಿಗೆ ನಮಗೆ. ಆರಿಸಿದ ಅಕ್ಕಿಯೂ ನಮಗೇ. ಎರಡು ದಿನದ ಅತಿಥಿಗಳೆಂದು ಆ ತಾಯಿ ತಯಾರಾಗಿದ್ದಳು.

ನಮ್ಮವರು ನನ್ನನ್ನು ನೋಡಿದರು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ನನಗೆ ತಿರುಗಿ ಅನ್ನಲು ಸಿಕ್ಕ ಒಂದೇ ಒಂದು ಅವಕಾಶ. ಒಂದು ಮಾತೂ ಆಡಲಿಲ್ಲ. ಅದಕ್ಕಾಗಿ ಅವರಿಗೆ ಇವತ್ತಿಗೂ ನಾನು ಋಣಿ.

ಅಷ್ಟರಲ್ಲಿ ಒಂದು ಖಾಲಿ ಲಾರಿ ಬಂದು ನಿಂತಿತು. ಡ್ರೈವರು ಕಿಟಕಿಯಿಂದ ತಲೆ ಹಾಕಿ, ಪೋಖರಾಕ್ಕೇ ಹೋಗುತ್ತಿದ್ದೇನೆ, ಗಾಡಿ ಹತ್ತಿಸಿಬಿಡಿ, ಸಂಜೆಯೊಳಗೆ ಮುಟ್ಟಿಸುತ್ತೇನೆ ಎಂದ. ಒಳ್ಳೆಯ ಮನುಷ್ಯ. ಆದರೆ ಜಗತ್ತಿನ ಎಲ್ಲ ಲಾರಿಗಳಿಗೂ ನನ್ನ ವಿಳಾಸವೇ ಹೇಗೆ ಸಿಗುತ್ತದೆ? ನನಗೆ ದುಃಖ ಉಕ್ಕಿ ಬಂತು. ಮೂರು ದಿನದ ಬೆನ್ನುನೋವೆಲ್ಲ ಒಮ್ಮೆಲೇ ಮೇಲೆ ಬಂತು.

"ಹತ್ತಸ್ರಿ," ಎಂದೆ. "ಸಾಕು. ಹಣೆಬರಹಾನ ಹಿಂಗ ಐತಿ. ಹೋಗಿ ಸ್ಕೂಟಿ ತಗೋತೀನಿ."

ನಮ್ಮವರು ಲಾರಿಯವನಿಗೆ ಕೈಮುಗಿದು, ಬೇಡ ಎಂದರು. ಆಮೇಲೆ ನನ್ನ ಪಕ್ಕ ಕೂತು ರಸ್ತೆ ನೋಡುತ್ತ ಹೇಳಿದರು: "ಸ್ಕೂಟಿ ಮ್ಯಾಲೆ ನೀ ಒಬ್ಬಾಕಿನ ತರಕಾರಿಗೆ ಹೋಗತೀ. ಇದು ಹೋದ್ರ ನನ್ನ ಸೀಟು ಹೋಗತೈತಿ. ನಾ ಒಂದಿನಾನೂ ನಿನಗ ಹೇಳಿಲ್ಲ ಸುಮಾ, ಅದರ ಮ್ಯಾಲೆ ಕೂತಾಗ ನಾ ಭಾಳ ಆರಾಮ ಇರತೀನಿ."

ನನ್ನ ಹಿಂದೆ ಕೂತು ಹದಿನಾರು ವರ್ಷ ಬರೀ "ಸಾವಕಾಶ, ಸಾವಕಾಶ" ಎಂದವರು ಇವರು. ಅವರಿಗೆ ಈ ಗಾಡಿ ಇಷ್ಟವೆಂದು ನನಗೆ ಅವತ್ತೇ ಗೊತ್ತಾಗಿದ್ದು. ಕಣ್ಣು ಒರೆಸಿಕೊಂಡು ಎದ್ದೆ. "ಹಂಗಾದ್ರ ಏನು ಮಾಡೋಣ್ರಿ?"

"ನಂಬರ್ ಓದೋಣ," ಎಂದರು.

ಗಿರಣಿ

ಬೇರಿಂಗಿನ ಚೂರನ್ನು ಕರ್ಚೀಫಿನಿಂದ ಒರೆಸಿ, ಕನ್ನಡಕ ಹಣೆಗೇರಿಸಿ ಓದಿದರು. ಆರು, ಎರಡು, ಸೊನ್ನೆ, ಮೂರು. ವರ್ನಿಯರ್ ಇಟ್ಟು ಮತ್ತೊಮ್ಮೆ ಖಾತ್ರಿ ಮಾಡಿಕೊಂಡರು. ನಾಚಾರಂನ ಯಾವ ಸಣ್ಣ ಕಾರ್ಖಾನೆಯಲ್ಲಿ ಕೇಳಿದರೂ ಹೇಳುತ್ತಾರೆ, ಬೇರಿಂಗಿಗೆ ಜಾತಿಯಿಲ್ಲ, ಅದಕ್ಕಿರುವುದು ನಂಬರ್ ಮಾತ್ರ. ಆ ನಂಬರಿನದು ಮೋಟರ್‌ಸೈಕಲ್ಲಿನಲ್ಲಿ ಇರುತ್ತದೆ, ನೀರಿನ ಪಂಪಿನಲ್ಲಿ ಇರುತ್ತದೆ, ಗಿರಣಿಯಲ್ಲೂ ಇರುತ್ತದೆ.

"ಮುಖಾ ತೊಳಿಯಾಕ ಹೋದಾಗ ಒಂದು ಗಿರಣಿ ಸದ್ದು ಕೇಳಿತು," ಎಂದರು. "ಅಳಾಕತ್ತಿತ್ತು. ಬಿಟ್ಟು ಬರಾಕ ಮನಸಾಗಲಿಲ್ಲ. ಒಳಗ ಹೋಗಿ ಸ್ಕ್ರೂಡ್ರೈವರ್ ಕಿವಿಗಿಟ್ಟು ಕೇಳಕೋತ ನಿಂತಿದ್ದೆ."

ನಾನಿಲ್ಲಿ ಚಹಾ ತಿನ್ನುತ್ತಿದ್ದಾಗ ಇವರು ಅಲ್ಲಿ ಅಪರಿಚಿತ ಗಿರಣಿಯ ಎದೆಬಡಿತ ಕೇಳುತ್ತಿದ್ದರು! ಮೆಕ್ಯಾನಿಕ್ಕನ್ನೂ ಕರೆದುಕೊಂಡು ಓಡಿದೆವು. ಗಿರಣಿಯ ಒಡತಿ ಗಟ್ಟಿಮುಟ್ಟಾದ ಹೆಂಗಸು, ಮೂಗಿನಲ್ಲಿ ಕಾಸಿನಗಲದ ಬಂಗಾರದ ಹೂವು, ಹುಬ್ಬಿನ ತನಕ ಮೆಕ್ಕೆಜೋಳದ ಹಿಟ್ಟು. ಊರಿನವರೆಲ್ಲ ಅವಳನ್ನು ದೀದಿ ಎನ್ನುತ್ತಿದ್ದರು. ಮೆಕ್ಯಾನಿಕ್ ನೇಪಾಳಿಯಲ್ಲಿ ನಮ್ಮ ಕಥೆ ಹೇಳಿದ. ದೀದಿ ಗೋಡೆಯ ಗೂಡಿನಿಂದ ಒಂದು ಡಬ್ಬಿ ತೆಗೆದಳು. ಎಣ್ಣೆ ಕಾಗದದಲ್ಲಿ ಸುತ್ತಿದ ಹೊಸ ಬೇರಿಂಗ್. ನಮ್ಮವರು ನಂಬರ್ ಓದಿ ತಲೆಯಾಡಿಸಿದರು.

ಆದರೆ ದೀದಿ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಇರುವುದು ಇದೊಂದೇ. ಜರಡಿ ಆಡಿಸುವ ಮೋಟಾರು ಹದಿನೈದು ದಿನದಿಂದ ಅಳುತ್ತಿದೆ, ಇವತ್ತೋ ನಾಳೆಯೋ ನಿಂತುಬಿಡುತ್ತದೆ, ಅದಕ್ಕೆಂದೇ ತರಿಸಿಟ್ಟಿದ್ದು. ಕೊಟ್ಟರೆ ಊರಿಗೆ ಹಿಟ್ಟಿಲ್ಲ. ಅವಳದು ನ್ಯಾಯದ ಮಾತು. ನಾನಾದರೂ ಕೊಡುತ್ತಿರಲಿಲ್ಲ.

ನಮ್ಮವರು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು, "ದೀದಿ, ನಿಮ್ಮ ಬೇರಿಂಗ್ ಚೆನ್ನಾಗಿದೆ. ಅಳುತ್ತಿರುವುದು ಅದಲ್ಲ."

ಒಂದು ಉದ್ದ ದಾರ ಕೇಳಿದರು. ದಾರದ ಒಂದು ತುದಿ ನನ್ನ ಕೈಗೆ ಕೊಟ್ಟು ಮೋಟಾರಿನ ಗಾಲಿಯಿಂದ ಜರಡಿಯ ಗಾಲಿಗೆ ಎಳೆದು ಹಿಡಿದರು. ಎರಡೂ ಒಂದೇ ಗೆರೆಯಲ್ಲಿರಬೇಕು, ಇರಲಿಲ್ಲ. ಮೋಟಾರು ಒಂದು ಬೆರಳಿನಷ್ಟು ಆಚೆ ಸರಿದಿತ್ತು, ಬೆಲ್ಟು ಓರೆಯಾಗಿ ಉಜ್ಜುತ್ತಿತ್ತು. ನಾಲ್ಕು ಬೋಲ್ಟು ಸಡಿಲಿಸಿ, ಸರಿಸಿ, ದಾರ ನೋಡಿ, ಮತ್ತೆ ಸರಿಸಿ ಬಿಗಿದರು. ಅರ್ಧ ತಾಸು. ನಾನು ವಾಚು ನೋಡುತ್ತಿದ್ದೆ, ಅವರು ದಾರ ಬಿಟ್ಟು ಬೇರೇನನ್ನೂ ನೋಡಲಿಲ್ಲ.

ದೀದಿ ಸ್ವಿಚ್ಚು ಒತ್ತಿದಳು. ಗಿರಣಿ ತಿರುಗಿತು. ಅಳು ಇಲ್ಲ! ಹಿಟ್ಟು ಉದುರುವ ಸಪ್ಪಳ ಮಾತ್ರ. ದೀದಿ ಕಿವಿಯ ಮೇಲಿನ ಬಟ್ಟೆ ಸರಿಸಿ ಒಂದು ಕ್ಷಣ ಕೇಳಿದಳು. ಆಮೇಲೆ ಸೆರಗಿನಿಂದ ಡಬ್ಬಿ ತೆಗೆದು ನಮ್ಮವರ ಅಂಗೈಯಲ್ಲಿಟ್ಟು, "ಹುನ್ಛ," ಎಂದಳು. ಆಗಲಿ ಎಂದರ್ಥ. ನಾನು ಅವಳನ್ನು ತಬ್ಬಿಕೊಂಡೆ, ನನ್ನ ಕರಿ ಜಾಕೆಟ್ಟು ಬೆಳ್ಳಗಾಯಿತು. ಅವಳು ಕೆಟ್ಟಿದೆ ಎಂದುಕೊಂಡದ್ದು ಚೆನ್ನಾಗಿತ್ತು, ನಾವು ಚೆನ್ನಾಗಿದೆ ಎಂದುಕೊಂಡದ್ದು ಕೆಟ್ಟಿತ್ತು.

ಮೆಕ್ಯಾನಿಕ್ ಮರದ ತುಂಡು ಇಟ್ಟು ನಯವಾಗಿ ತಟ್ಟಿ ಬೇರಿಂಗ್ ಕೂರಿಸಿದ. ಪರ್ಸಿಯ ಗೊಂದಲಕ್ಕೆ ಅವನೇ ನಾಚಿಕೊಂಡಿದ್ದ. ಅವನ ಹೆಂಡತಿ ನಮಗೆಂದು ಮಾಡಿದ ಅನ್ನವನ್ನು ಬಾಳೆಲೆಯಲ್ಲಿ ಕಟ್ಟಿ ಬ್ಯಾಗಿಗೆ ತುರುಕಿದಳು.

ಪೋಖರಾ

ನನ್ನ ವಾಚಿನಲ್ಲಿ ನಾಲ್ಕು ಗಂಟೆ, ಅರವತ್ತು ತಾಸು ಮುಗಿಯುವುದು ಆರಕ್ಕೆ. ಅರವತ್ತು ಕಿಲೋಮೀಟರ್, ಪೂರಾ ಘಟ್ಟ. ನಾನು ಜೀವನದಲ್ಲಿ ಅಷ್ಟು ಚೆನ್ನಾಗಿ ಗಾಡಿ ಓಡಿಸಿದ್ದಿಲ್ಲ. ಎಮ್ಮಿ ಗೊಣಗಲಿಲ್ಲ, ನರಳಲಿಲ್ಲ, ಮೊದಲ ದಿನದ ಹಾಗೆ ಗಂಟಲು ಬಿಚ್ಚಿ ಏರಿತು. ಒಂದು ಏರಿನ ತುದಿಯಲ್ಲಿ ನಮ್ಮವರು ನನ್ನ ಭುಜ ತಟ್ಟಿ, "ಸುಮಾ, ಮ್ಯಾಲೆ ನೋಡು! ಹಿಮಾ! ಮೀನಿನ ಬಾಲ ಇದ್ದಂಗ ಐತಿ!" ಎಂದು ಕೂಗಿದರು.

"ನೀವ ನೋಡ್ರಿ! ನನಗ ರಸ್ತಾ ಐತಿ!"

"ಕೆಂಪ ಆಗಾಕತ್ತೈತಿ! ಬಿಸಿಲು ಬಿದ್ದೈತಿ! ಭಾಳ ಛಂದ ಐತಿ!"

"ಸಾವಕಾಶ ಅನ್ನೂದಿಲ್ಲೇನ್ರಿ?"

"ಬ್ಯಾಡ! ಹೊಡಿ!"

ಹದಿನಾರು ವರ್ಷದಲ್ಲಿ ಮೊದಲ ಸಲ ಅವರ ಬಾಯಿಂದ ಆ ಮಾತು ಬಂತು. ಹೆಲ್ಮೆಟ್ಟಿನೊಳಗೆ ನಾನು ಕಿರುಚಿದ್ದು ಇಡೀ ಕಣಿವೆಗೆ ಕೇಳಿರಬೇಕು.

ಊರೊಳಗೆ ಬಂದರೆ ಸಂಜೆಯ ಸಂತೆ, ದನ, ಬಸ್ಸು. ಕೆರೆ ದಂಡೆ ಹುಡುಕಿ ಸತ್ಯಂ ಗಾರು ಅವರ ಕುರ್ಚಿಯ ಮುಂದೆ ಬ್ರೇಕು ಹಾಕಿದಾಗ ನನ್ನ ವಾಚಿನಲ್ಲಿ ಆರು ದಾಟಿ ಒಂಬತ್ತು ನಿಮಿಷ. ಹಿಂದಿನ ಹೋಟೆಲಿನ ಗೋಡೆ ಗಡಿಯಾರದಲ್ಲೂ ಅಷ್ಟೇ. ಸತ್ಯಂ ಗಾರು ಬಟ್ಟೆಯನ್ನು ಆಗಲೇ ಮಡಿಚಿಟ್ಟಿದ್ದರು. ಗಡಿಯಾರ ನೋಡಿ, ನನ್ನನ್ನು ನೋಡಿ, ನಿಜವಾಗಿಯೂ ಸಂಕಟಪಟ್ಟುಕೊಂಡು, "ಅಯ್ಯೋ, ಟೈಮ್ ಅಯಿಪೋಯಿಂದಿ ಮೇಡಂ. ತೊಮ್ಮಿದಿ ನಿಮಿಷಾಲು," ಎಂದರು. ಟೈಮ್ ಮುಗಿದು ಒಂಬತ್ತೇ ನಿಮಿಷ.

ಎಮ್ಮಿಯ ಬಿಸಿ ಟ್ಯಾಂಕಿನ ಮೇಲೆ ಹಣೆಯಿಟ್ಟೆ. ನನ್ನ ಎರಡು ಗ್ಲಾಸು ಚಹಾ, ನನ್ನ ಒಂದೂವರೆ ತಾಸು. ಮಾರುವುದು ಮಾರುವುದೇ, ಎಲ್ಲರ ಮುಂದೆ ಆಡಿದ ಮಾತು.

ಆಗ ನಮ್ಮವರು ಹಿಂದಿನ ಸೀಟ್‌ನಿಂದ ನಿಧಾನವಾಗಿ ಇಳಿದು, ಅಂಗಿಯ ತೋಳು ಹಿಂದೆ ಸರಿಸಿ, ಮುಂಗೈಯನ್ನು ಸತ್ಯಂ ಗಾರು ಅವರ ಮೂಗಿನ ಕೆಳಗೆ ಹಿಡಿದರು. ಐದು ಐವತ್ತನಾಲ್ಕು.

"ಇದು ನಾಚಾರಂ ಟೈಮ್ ಸತ್ಯಂ ಗಾರು," ಎಂದರು. "ಆರಕ್ಕ ನೀವ ಸ್ಟಾರ್ಟ್ ಅಂದಿದ್ರಿ. ಐವತ್ತೊಂಬತ್ತು ತಾಸು, ಐವತ್ತನಾಲ್ಕು ನಿಮಿಷ."

ಸತ್ಯಂ ಗಾರು ಗೋಡೆಯ ಗಡಿಯಾರ ನೋಡಿದರು. ತಮ್ಮ ವಾಚು ನೋಡಿದರು, ಅದನ್ನೂ ಅವರು ನೇಪಾಳಕ್ಕೆ ತಿರುಗಿಸಿಕೊಂಡಿದ್ದರು. ಬೆರಳು ಮಡಿಸಿ ಎಣಿಸಿದರು, ಇನ್ನೊಮ್ಮೆ ಎಣಿಸಿದರು. ಆಮೇಲೆ ಕುರ್ಚಿಯಿಂದ ಎಗರಿ ಎದ್ದು, "ಲಾರಿ ಲೇದು! ಲಾರಿ ಲೇದು!" ಲಾರಿ ಇಲ್ಲ ಎಂದು ತೆಲುಗಿನಲ್ಲಿ ಕೂಗುತ್ತ ಬಟ್ಟೆ ಬಿಚ್ಚಿದರು. ಪಕ್ಕದಲ್ಲಿ ದೋಣಿ ಕಟ್ಟುತ್ತಿದ್ದವರೆಲ್ಲ ಯಾರಿಗೋ ಮಗು ಹುಟ್ಟಿತೆಂದು ತಿಳಿದು ಚಪ್ಪಾಳೆ ತಟ್ಟಿದರು. ನಾನು ಸಹಿ ಹಾಕಿದೆ. ನಮ್ಮವರು ನನ್ನ ಸಹಿಯ ಕೆಳಗೆ, ಸಣ್ಣಗೆ, 'ಲಗೇಜು' ಎಂದು ಬರೆದು ತಮ್ಮ ಸಹಿ ಹಾಕಿದರು.

ಮತ್ತೆ ನಾಂಪಲ್ಲಿ

ಊರಿಗೆ ಬಂದ ಮೇಲೆ ಗೌಸ್ ಭಾಯಿಗೆ ಕಥೆಯೆಲ್ಲ ಹೇಳಿದೆವು. ನಮ್ಮವರು ನೋಟ್‌ಬುಕ್ ತೆರೆದು ಅಡ್ಡಗೆರೆ ಎಳೆದ ಸಾಲು ತೋರಿಸಿದರು. ಗೌಸ್ ಭಾಯಿ ತಲೆ ಕೆರೆದುಕೊಂಡು, ಆ ಬೇರಿಂಗ್ ಹಾಕಿದ್ದು ತಮ್ಮನ ಮದುವೆಯ ವಾರ ಎಂದು ನೆನಪಿಸಿಕೊಂಡರು. ತಮ್ಮನ ಮಗಳು ಈಗ ಶಾಲೆಗೆ ಹೋಗುತ್ತಾಳೆ. "ಆಪ್ ಕಬ್ ಪೂಛೇ ಸಾಬ್, ಕೌನ್ಸಾ ಪರ್ಸೋಂ?" ಎಂದರು. ಯಾವ ಪರ್ಸೋಂ ಎಂದು ನೀವು ಕೇಳಲೇ ಇಲ್ಲವಲ್ಲ!

ಎಮ್ಮಿ ನಮ್ಮ ಮನೆಯಲ್ಲೇ ಇದೆ. ಬಳಗದಲ್ಲಿ ನನ್ನನ್ನು ಇನ್ನೂ ಲಾರಿ ಮೇಡಂ ಎಂದೇ ಕರೆಯುತ್ತಾರೆ, ಈಗ ಸಿಟ್ಟು ಬರುವುದಿಲ್ಲ. ಅದೆಲ್ಲ ಆಗಿ ಮೂರು ವರ್ಷವಾಯಿತು. ಹೋದ ತಿಂಗಳು ಇನ್ನೊಂದು ದೂರದ ಸವಾರಿಗೆಂದು ಎಮ್ಮಿಯನ್ನು ಮತ್ತೆ ಗೌಸ್ ಭಾಯಿಯ ಶೆಡ್ಡಿಗೆ ಒಯ್ದೆವು. ಅವರು ಹಿಂದಿನ ಗಾಲಿ ಎತ್ತಿ ತಿರುಗಿಸಿ, ಕಿವಿಕೊಟ್ಟು ಆಲಿಸಿ, ಇದನ್ನು ಹಾಕಿದ್ದು ಯಾವಾಗ ಎಂದು ನಮ್ಮವರನ್ನು ಕೇಳಿದರು.

"ಯೇ ಬೇರಿಂಗ್ ಕಬ್ ಡಾಲೇ ಸಾಬ್?"

ನಮ್ಮವರ ಕೈ ಅಂಗಿಯ ಜೇಬಿನ ತನಕ ಹೋಯಿತು. ನೋಟ್‌ಬುಕ್ಕನ್ನು ಮುಟ್ಟಿತು, ತೆಗೆಯಲಿಲ್ಲ. ನನ್ನ ಮುಖ ನೋಡಿ ನಕ್ಕರು. ಗಿರಣಿ, ದಾರ, ಸಂಜೆಯ ಹಿಮ, ಎಲ್ಲ ಅವರ ಕಣ್ಣಮುಂದೆ ಬಂದದ್ದು ನನಗೆ ಕಂಡಿತು.

"ಪರ್ಸೋಂಇಚ್," ಎಂದರು.

ಗೌಸ್ ಭಾಯಿ ನಕ್ಕು ಹೊಸ ಬೇರಿಂಗಿನ ಡಬ್ಬಿಗೆ ಕೈ ಹಾಕಿದರು.